ನೀರಿಗೆ ಎತ್ತಿ ಹಾಕದ ವರ್ಷ

ಹೊಂಗ್‌ಸೊಂಗ್‌ನ ಆ ಓಣಿಯವರು ಡೆಲೀನ್ ಬಗ್ಗೆ ಹೇಳುತ್ತಿದ್ದದ್ದು ಒಂದೇ ಮಾತು: "ಮೂರನೇ ಮಹಡಿಯ ಆ ಪರದೇಶದವಳು ನಮ್ಮವರಿಗಿಂತ ನಮ್ಮವಳು." ಕೆಳಮನೆಯ ಅಜ್ಜಿಯಂತೂ ತನ್ನ ಸೊಸೆಗೆ ಕೇಳಿಸುವ ಹಾಗೆ, "ಕಸ ವಿಂಗಡಿಸೋದು ಅವಳನ್ನ ನೋಡಿ ಕಲಿ. ಮೊಟ್ಟೆ ಸಿಪ್ಪೆ ಯಾವ ಚೀಲಕ್ಕೆ ಹೋಗ್ಬೇಕು ಅನ್ನೋದು ನಿಂಗೇ ಗೊತ್ತಿಲ್ಲ" ಎನ್ನುತ್ತಿದ್ದಳು. ಸೊಸೆಗೆ ಅದರಿಂದ ಡೆಲೀನ್ ಮೇಲೆ ಸಿಟ್ಟೇನೂ ಇರಲಿಲ್ಲ. ಚಳಿಗಾಲಕ್ಕೆಂದು ಕೋಸಿಗೆ ಖಾರ ಸವರಿ ಕಿಮ್ಚಿ ಉಪ್ಪಿನಕಾಯಿ ಹಾಕುವ ದಿನ ಇಬ್ಬರೂ ಒಂದೇ ಟಬ್ಬಿಗೆ ಕೈಹಾಕಿ, ಮೊಣಕೈವರೆಗೆ ಕೆಂಪಾಗಿ, ಅದೇ ಅಜ್ಜಿಯನ್ನು ಆಡಿಕೊಂಡು ನಗುತ್ತಿದ್ದರು.

ದಕ್ಷಿಣ ಆಫ್ರಿಕಾದಿಂದ ಒಂದು ವರ್ಷದ ಮಟ್ಟಿಗೆ ಎಂದು ಬಂದವಳು ಒಂಬತ್ತು ವರ್ಷ ಉಳಿದುಬಿಟ್ಟಿದ್ದಳು. ಪ್ಯೋ ಯಜಮಾನರ ಟ್ಯೂಷನ್ ಶಾಲೆಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವುದು ಅವಳ ಕೆಲಸ. ಇದ್ದ ಮನೆ ಶಾಲೆಯದು, ವೀಸಾ ಶಾಲೆಯ ಹೆಸರಿನಲ್ಲಿ. ಕೆಲಸ ಹೋದರೆ ಮನೆಯೂ ಹೋಯಿತು, ದೇಶವೂ ಹೋಯಿತು. ಹಿಂದಿರುಗೋಣವೆಂದರೆ ಆ ಕಡೆ ತಾಯಿ ತೀರಿಕೊಂಡಿದ್ದಳು, ಇದ್ದ ಮನೆಯನ್ನು ತಮ್ಮ ಮಾರಿಕೊಂಡು ಎಲ್ಲೋ ಹೋಗಿದ್ದ.

ಪ್ರತಿ ಬೇಸಿಗೆಯಲ್ಲೂ ಯಜಮಾನರು ಕರೆದು, "ಇನ್ನೊಂದು ವರ್ಷ ಇದ್ದುಬಿಡಿ" ಎನ್ನುತ್ತಿದ್ದರು. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಈ ಬೇಸಿಗೆ ಕರೆದಿರಲಿಲ್ಲ. ಊರಿನಲ್ಲಿ ಮಕ್ಕಳು ಹುಟ್ಟುವುದೇ ಕಡಿಮೆಯಾಗಿ, ತುಂಬಿ ತುಳುಕುತ್ತಿದ್ದ ತರಗತಿಗಳಲ್ಲಿ ಈಗ ಕುರ್ಚಿಗಳೇ ಜಾಸ್ತಿ. ತಾನಾಗಿ ಹೋಗಿ ಕೇಳುವಂತೆಯೂ ಇಲ್ಲ. ಹಿರಿಯರ ಬಾಯಿಂದ ಎದುರೆದುರೇ 'ಇಲ್ಲ' ಎನ್ನಿಸುವುದು ಅಲ್ಲಿ ದೊಡ್ಡ ಒರಟುತನ. ಹೀಗಾಗಿ ಕಾದಳು.

ಕಾಯುತ್ತಿರುವಾಗ ಜೊತೆಯ ಟೀಚರ್ ಗ್ಯೂರಿ ಬಂದು, "ಅಕ್ಕ, ಶನಿವಾರ ಎಲ್ಲರೂ ಸಮುದ್ರಕ್ಕೆ" ಎಂದಳು. ಡೆಲೀನ್‌ಗೆ ಜೀವ ಬಂದಂತಾಯಿತು. ಸಮುದ್ರಕ್ಕೆ ಹೋದಾಗಲೆಲ್ಲ ಜೊತೆಗಾರರು ಒಬ್ಬೊಬ್ಬರನ್ನೇ ಕೈಕಾಲು ಹಿಡಿದೆತ್ತಿ ಉಟ್ಟಬಟ್ಟೆಯಲ್ಲೇ ನೀರಿಗೆ ಎಸೆಯುತ್ತಿದ್ದರು. ಮೊದಲ ಸರದಿ ಯಾವಾಗಲೂ ಅವಳದೇ. ಹಳೆಯ ಅಂಗಿಯೊಂದನ್ನು ಹುಡುಕಿ ತೊಟ್ಟುಕೊಂಡಳು.

ವ್ಯಾನು ಹತ್ತುತ್ತಲೇ ಡ್ರೈವರ್ ಮೇಂಗ್‌ನನ್ನು ಕೆಣಕಿದಳು. "ಏನ್ ಡ್ರೈವರಣ್ಣ, ಈ ಸಲ ನನ್ನನ್ನ ಎತ್ತೋಕಾಗುತ್ತಾ? ಹೋದ ವರ್ಷ ಸೊಂಟ ಹಿಡ್ಕೊಂಡು ಒಂದು ವಾರ ಓಡಾಡಿದ್ರಿ."

ಬೇರೆ ವರ್ಷವಾಗಿದ್ದರೆ ಅವಳ ತೂಕದ ಮೇಲೆ ನಾಲ್ಕು ಮಾತು ಬರುತ್ತಿತ್ತು. ಅವನು ರಸ್ತೆಯಿಂದ ಕಣ್ಣು ತೆಗೆಯದೆ, "ಆಗುತ್ತೆ ಬಿಡಿ ಟೀಚರ್, ಯಾಕಾಗಲ್ಲ" ಎಂದ.

ದೇಚೋನ್ ದಂಡೆಯಲ್ಲಿ ಚಿಪ್ಪುಮೀನು ಸುಡುವ ಡೇರೆಯೊಳಗೆ ಕೂತರು. ಡೆಲೀನ್ ವಾಡಿಕೆಯಂತೆ ಕೈಗವಸು ಹಾಕಿಕೊಂಡು ಇಕ್ಕಳಕ್ಕೆ ಕೈ ಚಾಚಿದಳು. ಗ್ಯೂರಿ ಅದನ್ನು ಮೆಲ್ಲಗೆ ಕಿತ್ತುಕೊಂಡಳು.

"ಕೊಡಕ್ಕ ಇಲ್ಲಿ. ನೀನು ಸುಮ್ನೆ ಕೂತು ತಿನ್ನು."

"ನಿನ್ನ ಕೈಗೆ ಕೊಟ್ರೆ ಮೀನು ಬಿಟ್ಟು ಚಿಪ್ಪು ಬೇಯಿಸ್ತೀಯ."

ಎಲ್ಲರೂ ನಕ್ಕರು. ಇಕ್ಕಳ ಮಾತ್ರ ಹಿಂದಕ್ಕೆ ಬರಲಿಲ್ಲ. ಯಜಮಾನರು ಅವಳನ್ನು ಒಳಗಿನ ಜಾಗಕ್ಕೆ, ಬಾಗಿಲಿಗೆ ದೂರವಾಗಿ, ಅತಿಥಿಗಳು ಕೂರುವಲ್ಲಿಗೆ ಕಳಿಸಿ ತಾವು ಬಾಗಿಲ ಬಳಿ ಕೂತರು. ಆಮೇಲೆ ಸೋಜು ಮದ್ಯದ ಬಾಟಲಿ ಎತ್ತಿ ಅವಳ ಲೋಟಕ್ಕೆ ಬಗ್ಗಿಸಿದರು, ಎರಡೂ ಕೈಯಲ್ಲಿ ಹಿಡಿದು. ಇಷ್ಟು ವರ್ಷ ಎರಡು ಕೈಯಲ್ಲಿ ಬಗ್ಗಿಸುತ್ತಿದ್ದವಳು ಅವಳು. ಅವರು ಒಂದೇ ಕೈಯಲ್ಲಿ ಸುರಿದು, "ಕುಡೀರಿ, ಕುಡೀರಿ" ಎನ್ನುತ್ತಿದ್ದರು. ಹಿರಿಯರು ಕೈಕೆಳಗಿನವರಿಗೆ ಎರಡು ಕೈಯಲ್ಲಿ ಬಗ್ಗಿಸುವುದಿಲ್ಲ. ಹೊರಗಿನವರಿಗೆ ಬಗ್ಗಿಸುತ್ತಾರೆ. ಡೆಲೀನ್ ಹಿರಿಯರೆದುರು ಕುಡಿಯುವ ಅಲ್ಲಿನ ಪದ್ಧತಿಯಂತೆ ಮುಖ ಪಕ್ಕಕ್ಕೆ ತಿರುಗಿಸಿ ಕುಡಿದಳು. ತಿರುಗಿಸಿದ ಮುಖವನ್ನು ಮತ್ತೆ ಈ ಕಡೆ ತರಲು ತುಸು ಹೊತ್ತು ಹಿಡಿಯಿತು.

ಆದರೂ ಆಸೆ ಎಂಬುದು ಸುಲಭಕ್ಕೆ ಬಿಡುತ್ತದೆಯೇ. ಊಟವಾಗಿ ಎಲ್ಲರೂ ಮರಳಿಗೆ ಇಳಿದಾಗ ಅವಳು ಚಪ್ಪಲಿ ಬಿಟ್ಟು, ಫೋನನ್ನು ಚೀಲಕ್ಕೆ ಹಾಕಿ ತಯಾರಾಗಿ ನಿಂತಳು. ಹೊಸದಾಗಿ ಸೇರಿದ್ದ ಗಣಿತದ ಮೇಷ್ಟ್ರನ್ನು ಎತ್ತಿ ಎಸೆದರು. ಅವರು ಉಪ್ಪುನೀರು ಉಗುಳುತ್ತ ಎದ್ದು ಬಂದರು. ಲೆಕ್ಕ ಬರೆಯುವ ಹೆಂಗಸನ್ನು ಎಸೆದರು. ಡೆಲೀನ್ ಹತ್ತಿರ ಯಾರೂ ಬರಲಿಲ್ಲ. ಗ್ಯೂರಿ ಕೊಡೆಯ ಕೆಳಗೆ ಟವೆಲ್ಲು ಹಾಸಿ, "ಬಿಸಿಲು ಜೋರು ಅಕ್ಕ, ಇಲ್ಲಿ ಬಾ" ಎಂದಳು.

"ನನ್ನನ್ನ ಹಾಕಲ್ವೇನೇ?"

"ಈ ವರ್ಷ ಬೇಡ ಅಂತ."

"ಯಾರಂದ್ರು?"

"ಯಾರೂ ಅಂದಿಲ್ಲ. ನಾವ್ನಾವೇ..." ಗ್ಯೂರಿ ಟವೆಲ್ಲಿನ ಮರಳು ಕೊಡವಿದಳು, ಮತ್ತೆ ಕೊಡವಿದಳು. "ಹೋಗೋರನ್ನ ನೀರಿಗೆ ಹಾಕಿ ಹೆಂಗೆ ನಗೋದು ಅಕ್ಕ?"

ಮಾತು ಬಾಯಿಂದ ಜಾರಿದ ಮೇಲೆ ಕೈ ಅಡ್ಡ ಇಟ್ಟುಕೊಂಡು ಏನು ಪ್ರಯೋಜನ. "ಸೋಮವಾರ ನಾನೇ ಹೇಳ್ತೀನಿ ಅಂದಿದ್ರು ಯಜಮಾನರು. ಇವತ್ತು ಅಕ್ಕ ಚೆನ್ನಾಗಿ ತಿನ್ಲಿ, ಚೆನ್ನಾಗಿ ನೋಡ್ಕೊಳೋಣ ಅಂತ ಎಲ್ಲರೂ ಮಾತಾಡ್ಕೊಂಡಿದ್ವಿ."

ಪಾಪ, ಅವರು ಮಾಡಿದ್ದೆಲ್ಲ ಮರ್ಯಾದೆಗೇ. ಆ ಮರ್ಯಾದೆಯೇ ಅವಳನ್ನು ಬೆಳಗಿನಿಂದ ಒಂದೊಂದು ಹೆಜ್ಜೆ ಹೊರಗೆ ಹಾಕುತ್ತ ಬಂದಿತ್ತು.

ಡೆಲೀನ್ ತಾನೇ ನೀರಿನತ್ತ ನಡೆದಳು. ಇಳಿತದ ಹೊತ್ತು, ಎಷ್ಟು ನಡೆದರೂ ನೀರು ಮೊಣಕಾಲು ದಾಟಲಿಲ್ಲ. ತಿರುಗಿ ನಿಂತು, "ಡ್ರೈವರಣ್ಣ, ಬನ್ನಿ ನೋಡೋಣ" ಎಂದು ಕೂಗಿದಳು. ಮೇಂಗ್ ಎರಡು ಹೆಜ್ಜೆ ಇಟ್ಟವನು ಯಜಮಾನರ ಮುಖ ನೋಡಿ ನಿಂತುಬಿಟ್ಟ. ಯಜಮಾನರೇ ಪ್ಯಾಂಟು ಮಡಚದೆ ನೀರಿಗಿಳಿದು ಬಂದು, ಎಲ್ಲರೆದುರು ಸೊಂಟ ಬಗ್ಗಿಸಿದರು.

"ತಪ್ಪಾಯ್ತು ಡೆಲೀನ್ ಟೀಚರ್. ಮಕ್ಕಳೇ ಇಲ್ಲ. ಮುಂದಿನ ವರ್ಷ ನಾನೂ ಬಾಗಿಲು ಹಾಕ್ತೀನೋ ಏನೋ."

ಬಗ್ಗಿ ನಿಂತವರ ಹತ್ತಿರ ಜಗಳವಾಡುವುದು ಹೇಗೆ. ಅವರು ಹಿರಿಯರು, ಆದ್ದರಿಂದ ಅವಳು ಅವರಿಗಿಂತ ತಗ್ಗಿ ಬಗ್ಗಿದಳು. "ಇರಲಿ ಬಿಡಿ ಸಾರ್, ನಿಮ್ಮ ಪ್ಯಾಂಟು ಒದ್ದೆಯಾಗ್ತಿದೆ" ಎಂದಳು.

ತಿಂಗಳು ತುಂಬುವುದರೊಳಗೆ ಮನೆ ಖಾಲಿಯಾಯಿತು. ಅನ್ನದ ಕುಕ್ಕರ್ ಕೆಳಮನೆಯ ಸೊಸೆಗೆ ಹೋಯಿತು. ಅವಳು ಅದನ್ನು ತಬ್ಬಿಕೊಂಡು ಇಳಿದುಹೋದಳು. ಡೆಲೀನ್ ಬರಿಗೋಡೆಯ ಕೋಣೆಯಲ್ಲಿ ಒಂದು ಸುತ್ತು ಹಾಕಿ, ಬಾಗಿಲ ಬಳಿ ಷೂ ಮೆಟ್ಟಿ, ಪೆಟ್ಟಿಗೆ ಹೊರಗಿಟ್ಟು, ಬಾಗಿಲು ಎಳೆದಳು. ಎಲೆಕ್ಟ್ರಾನಿಕ್ ಬೀಗ ತನ್ನಷ್ಟಕ್ಕೆ ರಾಗ ಹಾಡಿ ಹಾಕಿಕೊಂಡಿತು. ಯಾರ ಕೈಗಾದರೂ ಒಪ್ಪಿಸೋಣವೆಂದರೆ ಆ ಬಾಗಿಲಿಗೆ ಬೀಗದ ಕೈ ಎಂಬುದೇ ಇರಲಿಲ್ಲ. ಒತ್ತುವ ಸಂಖ್ಯೆಯೊಂದಿತ್ತು. ಅದನ್ನೂ ನಾಳೆ ಬದಲಾಯಿಸುತ್ತಾರೆ.

"ಪೆಟ್ಟಿಗೆ ಎತ್ಕೊಳ್ಳೋಕೆ ಬರ್ಲಾ ಅಕ್ಕ?" ಕೆಳಗಿನಿಂದ ಗ್ಯೂರಿಯ ದನಿ.

ಬೇಡ ಎನ್ನಬೇಕೆಂದುಕೊಂಡಳು. "ಬಾ" ಎಂದಳು.

ಗ್ಯೂರಿ ಪೆಟ್ಟಿಗೆ ಹೊತ್ತು ಮುಂದೆ ಇಳಿದಳು. ಡೆಲೀನ್ ಬರಿಗೈಯಲ್ಲಿ ಅವಳ ಹಿಂದೆ ಇಳಿದು ಬೀದಿಗೆ ಬಂದಳು.