ಎದುರು ಬೆಂಚಿನಿಂದ ಕಂಡ ಗೆಲುವು

ನನ್ನ ಕೈಗೆ ಮೊದಲು ಬಾಸ್ಕೆಟ್‌ಬಾಲ್ ಕೊಟ್ಟವರು ರಸಾಯನಶಾಸ್ತ್ರ ಪ್ರಯೋಗಾಲಯದ ಅಟೆಂಡರ್. ಆಗ ನಾನು ಅಫಜಲಪುರದ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದೆ. ನಮ್ಮೂರು ಮಾದನಹಿಪ್ಪರಗಾ. ಅಫಜಲಪುರದಲ್ಲಿದ್ದ ಸೋದರತ್ತೆಯ ಮನೆಯಲ್ಲಿ ಉಳಿದುಕೊಂಡು ಓದುತ್ತಿದ್ದೆ. ಒಂದು ದಿನ ಪ್ರಾಕ್ಟಿಕಲ್ ತರಗತಿಯಲ್ಲಿ ಪಕ್ಕದವಳ ಮೊಣಕೈ ತಾಗಿ ಮೇಜಿನ ಮೇಲಿದ್ದ ಗಾಜಿನ ಬೀಕರ್ ಉರುಳಿತು. ಅದು ನೆಲ ಮುಟ್ಟುವ ಮೊದಲೇ ಹಿಡಿದೆ. ಬಾಗಿಲ ಹತ್ತಿರ ನಿಂತಿದ್ದ ಅಟೆಂಡರ್ ಹತ್ತಿರ ಬಂದು ನನ್ನ ಕೈ ನೋಡಿ, "ಕೈ ಚಲೋ ಅದ ಬೇಟಿ. ಸಂಜೀಮುಂದ ಗ್ರೌಂಡಿಗಿ ಬಾ," ಎಂದರು.

ಕಾಲೇಜಿನವರೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದರು. ಬೆಳಗಿನಿಂದ ಮಧ್ಯಾಹ್ನದವರೆಗೆ ಸೀಸೆ ತೊಳೆಯುವುದು, ಆಸಿಡ್ ಅಳೆದುಕೊಡುವುದು ಅವರ ಕೆಲಸ. ಸಂಜೆಯಾದರೆ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡದ ಕೋಚ್. ಹರೆಯದಲ್ಲಿ ಕಲಬುರಗಿಯ ಒಂದು ಹಾಸ್ಟೆಲಿನಲ್ಲಿ ಕೆಲಸಕ್ಕಿದ್ದಾಗ ಅಲ್ಲಿನ ವಿದ್ಯಾರ್ಥಿಗಳ ಜೊತೆ ಆಡಿ ಆಟ ಕಲಿತಿದ್ದರಂತೆ. ಕಾಲೇಜಿನ ಹಿಂದಿನ ಸಿಮೆಂಟ್ ಅಂಕಣ, ಅದರ ಎರಡು ಕಂಬ, ಬಲೆ ಎಲ್ಲವೂ ಅವರು ಊರಿನ ವ್ಯಾಪಾರಿಗಳ ಅಂಗಡಿ ಅಂಗಡಿ ತಿರುಗಿ ಮಾಡಿಸಿದ್ದು. ಯಾವ ಕಾಗದದಲ್ಲೂ ಅವರು ಕೋಚ್ ಆಗಿರಲಿಲ್ಲ. ಆದರೆ ಕೋಚ್ ಯಾರು ಎಂದು ಅಫಜಲಪುರದಲ್ಲಿ ಯಾರೂ ಕೇಳಬೇಕಿರಲಿಲ್ಲ.

ನಾನು ಕುಳ್ಳಿ. ಈ ಆಟ ನನಗೆ ಆಗಿಬರುವುದಿಲ್ಲ ಎಂದುಕೊಂಡಿದ್ದೆ. ಚಾಚಾ ನನಗೆ ಬುಟ್ಟಿಗೆ ಎಸೆಯುವುದನ್ನು ಕಲಿಸುವ ಮೊದಲು, ಎದುರಾಳಿಯ ಕೈಯಿಂದ ಚೆಂಡು ಕಸಿಯುವುದನ್ನು ಕಲಿಸಿದರು. ಪಂದ್ಯಕ್ಕೆ ಬೇರೆ ಊರಿಗೆ ಕಳಿಸಲು ಅಪ್ಪ ಒಪ್ಪದಿದ್ದಾಗ ಬಸ್ಸು ಹತ್ತಿ ಮಾದನಹಿಪ್ಪರಗಾಕ್ಕೇ ಬಂದರು. ನಮ್ಮ ಕಟ್ಟೆಯ ಮೇಲೆ ಕೂತು, "ಗೌಡ್ರ, ನಿಮ್ಮ ಮಗಳಂದ್ರ ನನ್ನ ಮಗಳಿದ್ದಂಗ್ರಿ. ಹೋಗೂದೂ ನನ್ನ ಕೂಡ, ಬರೂದೂ ನನ್ನ ಕೂಡ," ಎಂದರು. ಅಪ್ಪ ಅವರ ಮುಖವನ್ನು ಬಹಳ ಹೊತ್ತು ನೋಡಿ ಹೂಂ ಎಂದ.

ಡಿಗ್ರಿ ಮುಗಿದಾಗ ನನ್ನಿಂದ ದೈಹಿಕ ಶಿಕ್ಷಣದ ಬಿ.ಪಿ.ಎಡ್.ಗೆ ಅರ್ಜಿ ಹಾಕಿಸಿದವರೂ ಅವರೇ. "ಆಡೂದು ನಾಕ ವರ್ಷ. ಕಲಸೂದು ಭಾಳ ದಿನಾ ನಡೀತದ. ನನ್ನ ಹತ್ರ ಕಾಗದ ಇಲ್ಲ. ನೀ ಕಾಗದ ಮಾಡ್ಕೋ," ಎಂದಿದ್ದರು. ಬಿ.ಪಿ.ಎಡ್. ಆಯಿತು, ಎಂ.ಪಿ.ಎಡ್. ಆಯಿತು. ಜೇವರ್ಗಿಯ ಒಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತು. ಅಲ್ಲಿ ಚೆಂಡು ಹಿಡಿದೇ ಗೊತ್ತಿರದ ಹನ್ನೊಂದು ಹುಡುಗಿಯರನ್ನು ಸೇರಿಸಿ ತಂಡ ಕಟ್ಟಿದೆ. ಮೊದಲ ವರ್ಷ ಮೊದಲ ಪಂದ್ಯದಲ್ಲೇ ಸೋತು ವಾಪಸು ಬಂದೆವು. ಎರಡನೆಯ ವರ್ಷ ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಾವಳಿಯ ಫೈನಲ್ ತಲುಪಿದೆವು. ಎದುರಿಗೆ ಅಫಜಲಪುರ. ಎದುರು ಬೆಂಚಿನಲ್ಲಿ ಚಾಚಾ.

ಕೊನೆಯ ಕ್ವಾರ್ಟರ್ ಶುರುವಾದಾಗ ನಾವು ಒಂಬತ್ತು ಅಂಕ ಮುಂದಿದ್ದೆವು. ಆಗ ಚಾಚಾ ತಮ್ಮ ತಂಡದ ಅತಿ ಎತ್ತರದ ಹುಡುಗಿಯನ್ನು ಹೊರಗೆ ಕರೆದು, ಇಬ್ಬರು ಕುಳ್ಳಿಯರನ್ನು ಒಳಗೆ ಬಿಟ್ಟರು. ಅವರಿಗೆ ಬುದ್ಧಿ ಕೆಟ್ಟಿತು ಎಂದುಕೊಂಡೆ. ಆ ಇಬ್ಬರೂ ನಮ್ಮ ಹುಡುಗಿಯರನ್ನು ನಮ್ಮದೇ ಬುಟ್ಟಿಯ ಕೆಳಗೆ ಅಡ್ಡಗಟ್ಟಿ ನಿಂತರು. ಚೆಂಡು ಅರ್ಧ ಅಂಕಣ ದಾಟಲೇ ಇಲ್ಲ. ಒಂದು ನಿಮಿಷ ಆಟ ನಿಲ್ಲಿಸಿ ಹುಡುಗಿಯರ ಜೊತೆ ಮಾತಾಡಲು ನನ್ನ ಹತ್ತಿರ ಒಂದು ಟೈಮ್ ಔಟ್ ಉಳಿದಿತ್ತು. ನಾನು ಅದನ್ನು ಕೇಳಲೇ ಇಲ್ಲ, ಬೆಂಚಿಗೆ ಅಂಟಿಕೊಂಡು ಕೂತುಬಿಟ್ಟಿದ್ದೆ. ಮೂರು ಅಂಕದಿಂದ ಸೋತೆವು.

ಪಂದ್ಯ ಮುಗಿದ ಮೇಲೆ ಅವರೇ ನನ್ನ ಬಳಿ ಬಂದರು.

"ಟೈಮ್ ಔಟ್ ಯಾಕ ತಗೊಳ್ಳಿಲ್ಲ ಬೇಟಿ?"

"ಗಾಬರಿ ಆಯ್ತ್ರಿ ಚಾಚಾ."

"ಗಾಬರಿ ನನಗೂ ಆಗಿತ್ತು. ಹುಡುಗ್ಯಾರಿಗಿ ತೋರಸಬಾರ್ದು," ಎಂದು ನಕ್ಕರು.

ಮರುವರ್ಷ ಅಫಜಲಪುರದ ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಜಾಗ ಖಾಲಿಯಾಯಿತು. ನನ್ನನ್ನೇ ಕರೆಸಬೇಕೆಂದು ಪ್ರಿನ್ಸಿಪಾಲರ ಕೋಣೆಗೆ ಮೂರು ಸಲ ಹೋಗಿ ಹೇಳಿದವರು ಚಾಚಾ. ನಾನು ಬಂದೆ. ಅವರು ಹೇಳಿದಂತೆ ಹುಡುಗಿಯರನ್ನು ಓಡಿಸುತ್ತಿದ್ದೆ, ಬೆಂಚಿನಲ್ಲಿ ಅವರ ಪಕ್ಕ ಕೂತು ಕಲಿಯುತ್ತಿದ್ದೆ. ಆ ಒಂದು ವರ್ಷ ನನ್ನ ಬದುಕಿನ ಒಳ್ಳೆಯ ವರ್ಷ.

ಆಮೇಲೆ ಕಾಲೇಜಿನ ಮಾನ್ಯತೆಗಾಗಿ ಹೊರಗಿನ ತಪಾಸಣಾ ತಂಡವೊಂದು ಬರುವುದಿತ್ತು. ಪ್ರತಿ ವಿಭಾಗವೂ ಐದು ವರ್ಷದ ವರದಿ ಒಪ್ಪಿಸಬೇಕು. ಕ್ರೀಡಾ ವಿಭಾಗದ್ದು ನನ್ನ ಪಾಲಿಗೆ ಬಂತು. ಅದರಲ್ಲಿ ಪ್ರತಿ ವರ್ಷದ ಮುಂದೆ 'ಮುಖ್ಯ ತರಬೇತುದಾರರು' ಎಂಬ ಕಾಲಂ ಇತ್ತು. ನಾನು ಚಾಚಾ ಹೆಸರು ಬರೆದು ಪ್ರಿನ್ಸಿಪಾಲರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೇಡಂ, ಇಲ್ಲಿ ಲ್ಯಾಬ್ ಅಟೆಂಡರ್ ಹೆಸರ ಹಾಕಿದ್ರ ಬಂದವ್ರು ನಗ್ತಾರ್ರಿ. ಐದೂ ವರ್ಷಕ್ಕ ನಿಮ್ಮ ಹೆಸರೇ ಹಾಕ್ರಿ."

"ಸರ್, ನಾ ಬಂದು ಒಂದ ವರ್ಷ ಆಗೇದ್ರಿ."

"ಅದನ್ನ ಯಾರ ಎಣಸ್ತಾರ್ರಿ? ಕ್ವಾಲಿಫಿಕೇಶನ್ ನೋಡ್ತಾರ, ಅಷ್ಟ."

ಪ್ರಿನ್ಸಿಪಾಲರು ಹೆದರಿಸಿದರು, ಕೆಲಸ ಹೋಗುತ್ತದೆ ಎಂದರು ಎಂದು ಬರೆದರೆ ನನಗೆ ಅನುಕೂಲ. ಆದರೆ ಅವರು ಹೆದರಿಸಲಿಲ್ಲ. ಇನ್ನೊಂದು ಮಾತು ಹೇಳಿದ್ದರೆ ಬಹುಶಃ ಒಪ್ಪುತ್ತಿದ್ದರು. ನಾನು ಆ ಇನ್ನೊಂದು ಮಾತು ಹೇಳದೆ ಕಂಪ್ಯೂಟರ್ ಮುಂದೆ ಕೂತು ನನ್ನ ಹೆಸರನ್ನು ಐದು ಸಲ ಟೈಪ್ ಮಾಡಿದೆ. ಫೈನಲ್ ಗೆದ್ದ ವರ್ಷದ ಎದುರಿಗೂ ಮಾಡಿದೆ. ಆ ಫೈನಲ್ ಸೋತವಳು ನಾನು. ಹೆಸರು ಸಾಲಾಗಿ ಐದು ಕಡೆ ಕಂಡಾಗ ನನಗೆ ಸ್ವಲ್ಪ ಖುಷಿಯೂ ಆಯಿತು. ಅದನ್ನು ನೆನೆದರೆ ಈಗಲೂ ಮೈ ಹಿಡಿಯಷ್ಟಾಗುತ್ತದೆ.

ತಪಾಸಣೆಯ ಹಿಂದಿನ ದಿನ ವರಾಂಡದ ಗೋಡೆಗೆ ಫ್ಲೆಕ್ಸ್ ಕಟ್ಟಿದರು. ಟ್ರೋಫಿ ಹಿಡಿದ ಹುಡುಗಿಯರು, ಒಂದು ತುದಿಯಲ್ಲಿ ಚಾಚಾ, ಫೋಟೋದ ಕೆಳಗೆ ತರಬೇತುದಾರರು ಎಂದು ನನ್ನ ಹೆಸರು. ಚಾಚಾ ಸೀಸೆಗಳ ತಟ್ಟೆ ಹಿಡಿದು ಆ ದಾರಿಯಲ್ಲೇ ಬಂದರು. ಉರ್ದುವನ್ನು ಬೇಗ ಓದುತ್ತಿದ್ದ ಅವರು ಕನ್ನಡವನ್ನು ನಿಧಾನವಾಗಿ ಓದುತ್ತಿದ್ದರು. ಓದಿ ಮುಗಿಸುವವರೆಗೂ ನಾನು ಅಲ್ಲೇ ನಿಂತಿದ್ದೆ.

"ಪ್ರಿನ್ಸಿಪಾಲರು ಹಾಕು ಅಂದಾರ್ರಿ ಚಾಚಾ," ಎಂದೆ. ಅವರು ಇನ್ನೂ ಏನೂ ಕೇಳಿರಲಿಲ್ಲ.

"ಹಾಂ. ಹಾಕು ಅಂದ್ರ ಹಾಕಬೇಕಲ್ಲ," ಎಂದು ಪ್ರಯೋಗಾಲಯದ ಕಡೆ ಹೋದರು.

ಅಂದು ಸಂಜೆ ಎಂದಿನಂತೆ ಅಂಕಣಕ್ಕೆ ಬಂದರು. ಹುಡುಗಿಯೊಬ್ಬಳು ಎಲ್ಲಿ ನಿಲ್ಲಲಿ ಎಂದು ಕೇಳಿದಳು. "ಮೇಡಂನ ಕೇಳ್ರಿ," ಎಂದರು. ಅಲ್ಲಿಯವರೆಗೆ ಅವರು ನನ್ನನ್ನು ಬೇಟಿ ಅಂದದ್ದು ಬಿಟ್ಟರೆ ಬೇರೇನೂ ಅಂದಿರಲಿಲ್ಲ. ಸಿಟ್ಟಿನ ದನಿಯಲ್ಲ, ಕಹಿಯೂ ಇರಲಿಲ್ಲ. ಒಂದು ವರ್ಷ ಹಾಗೆಯೇ ಬದಿಗೆ ನಿಂತು ನೋಡಿ, ನಿವೃತ್ತರಾದರು.

ಆ ವರದಿಯ ಆಧಾರದ ಮೇಲೆ ಕಾಲೇಜು ನನಗೆ ಅನುಭವದ ಪ್ರಮಾಣಪತ್ರ ಕೊಟ್ಟಿತು. ಅದನ್ನು ಹಿಡಿದು ಆಳಂದದ ಒಂದು ಕಾಲೇಜಿನಲ್ಲಿ ಮುಖ್ಯ ತರಬೇತುದಾರರ ಹುದ್ದೆಗೆ ಸಂದರ್ಶನಕ್ಕೆ ಹೋದೆ. ಕೂತಿದ್ದ ಮೂವರಲ್ಲಿ ಒಬ್ಬರಿಗೆ ಆಟದ ಹುಚ್ಚಿತ್ತು. "ಆ ಫೈನಲ್ ನಾ ನೋಡೀನ್ರಿ. ಒಂಬತ್ತು ಪಾಯಿಂಟ್ ಹಿಂದ ಇದ್ದು ಹೆಂಗ ಗೆದ್ರಿ? ಹೇಳ್ರಿ," ಎಂದರು. ಅವರು ನನ್ನನ್ನು ಎದುರು ಬೆಂಚಿನಲ್ಲಿ ನೋಡಿರಬೇಕು ಎಂದು ಹೆದರಿದೆ. ಅವರಿಗೆ ನೆನಪಿರಲಿಲ್ಲ. ಸೋತ ತಂಡದ ಕೋಚಿನ ಮುಖವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ನಾನು ಹೇಳಿದೆ. ಎತ್ತರದವಳನ್ನು ಹೊರಗೆ ತೆಗೆದೆ, ಕುಳ್ಳಿಯರಿಬ್ಬರನ್ನು ಒಳಗೆ ಬಿಟ್ಟೆ, ಚೆಂಡು ಅರ್ಧ ಅಂಕಣ ದಾಟದ ಹಾಗೆ ಅಡ್ಡಗಟ್ಟಿಸಿದೆ ಎಂದೆ. ಎದುರಿನ ಕೋಚ್ ಗಾಬರಿಯಾಗಿ ಟೈಮ್ ಔಟ್ ಕೂಡ ಕೇಳಲಿಲ್ಲ ಎಂದೂ ಸೇರಿಸಿದೆ. ಮೂವರೂ ನಕ್ಕರು. ಕೆಲಸ ಸಿಕ್ಕಿತು. ಮಾದನಹಿಪ್ಪರಗಾದಲ್ಲಿ ಅಪ್ಪ ಮನೆ ಮನೆಗೆ ಪೇಡಾ ಹಂಚಿದ. "ಚಾಚಾಗ ಹೇಳಿಯೇನವ್ವಾ?" ಎಂದು ಕೇಳಿದ. ಹೇಳಿದ್ದೇನೆ ಎಂದು ಸುಳ್ಳು ಹೇಳಿದೆ.

ಆಳಂದದಲ್ಲಿ ತಂಡ ಚೆನ್ನಾಗಿ ಕುದುರಿತು. ಭೂಸನೂರ, ಹಿರೋಳ್ಳಿಯಿಂದ ಬಸ್ಸಿಗೆ ಬರುವ ಹುಡುಗಿಯರಿದ್ದರು. ಅವರಿಗೆ ಕಲಿಸಿದ್ದೆಲ್ಲ ಚಾಚಾ ಕಲಿಸಿದ್ದೇ. ಎರಡು ವರ್ಷ ಸೆಮಿಫೈನಲ್ ತಲುಪಿದೆವು.

ಮೂರನೆಯ ವರ್ಷ ಒಂದು ಮಧ್ಯಾಹ್ನ ಚಾಚಾ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಕೂರಿಸಿ ನೀರು ಕೊಟ್ಟೆ. ಅಫಜಲಪುರದ ಒಂದು ಖಾಸಗಿ ಶಾಲೆಗೆ ಬಾಸ್ಕೆಟ್‌ಬಾಲ್ ಕೋಚ್ ಬೇಕಿತ್ತಂತೆ. ಇವರು ಹೋಗಿ ಕೇಳಿದ್ದಾರೆ. ಕಲಿಸಿದ್ದಕ್ಕೆ ಏನಾದರೂ ದಾಖಲೆ ತನ್ನಿ ಎಂದಿದ್ದಾರೆ.

"ಕಾಲೇಜಿಗಿ ಹೋಗಿದ್ದೆರಿ. ರೆಕಾರ್ಡಿನ್ಯಾಗ ಮೇಡಂ ಹೆಸರ ಅದ, ನಿಮ್ಮದಿಲ್ಲ ಅಂದ್ರು. ನೀವು ಒಂದ ಚೀಟಿ ಬರದ ಕೊಟ್ರ ಸಾಕ್ರಿ," ಎಂದರು.

ಕಾಗದ ತೆಗೆದುಕೊಂಡೆ. ಇದ್ದದ್ದನ್ನು ಇದ್ದಂತೆ ಬರೆದರೆ ಅದು ನನ್ನ ಮೇಲೆ ನಾನೇ ಬರೆದ ದೂರು. ಆ ಕಾಗದ ಯಾರ ಕೈ ಸೇರುತ್ತದೋ, ಎಲ್ಲಿಗೆ ಬರುತ್ತದೋ ಎಂದು ಯೋಚಿಸಿದೆ. ಅವರು ಕಿಟಕಿಯ ಆಚೆ ಹುಡುಗಿಯರು ಆಡುವುದನ್ನು ನೋಡುತ್ತಿದ್ದರು. ಕೊನೆಗೆ ಬರೆದೆ: ಇವರು ಹಲವು ವರ್ಷ ಸಹಾಯಕರಾಗಿ ನನಗೆ ನೆರವಾಗಿದ್ದಾರೆ, ಆಟದ ಜ್ಞಾನವುಳ್ಳವರು, ಪ್ರಾಮಾಣಿಕರು.

ಅವರು ಒಂದೊಂದು ಪದದ ಕೆಳಗೂ ಬೆರಳಿಟ್ಟು ಓದಿದರು. ಬೆರಳು ಒಂದು ಕಡೆ ನಿಂತು, ಮತ್ತೆ ಮುಂದೆ ಹೋಯಿತು.

"ಚಲೋ ಬರದೀರಿ," ಎಂದು ಮಡಚಿ ಚೀಲಕ್ಕೆ ಹಾಕಿಕೊಂಡರು. ಊಟ ಮಾಡಿಕೊಂಡು ಹೋಗಿರೆಂದೆ. ಬಸ್ಸಿನ ಹೊತ್ತಾಯಿತು ಎಂದು ಎದ್ದರು.

ಕೆಲವು ತಿಂಗಳ ನಂತರ ಅಫಜಲಪುರದಲ್ಲಿ ಪಂದ್ಯಗಳಿದ್ದವು. ಕಾಲೇಜಿನ ಅಂಕಣ ರಿಪೇರಿಯಲ್ಲಿದ್ದುದರಿಂದ ಆ ಖಾಸಗಿ ಶಾಲೆಯ ಅಂಕಣದಲ್ಲಿ ಆಡಿಸಿದರು. ನಮ್ಮ ಹುಡುಗಿಯರು ಮೈ ಬಿಸಿ ಮಾಡಿಕೊಳ್ಳುತ್ತಿದ್ದಾಗ ಶಾಲೆಯ ಕೋಚ್, ಇಪ್ಪತ್ತೈದರ ಆಸುಪಾಸಿನವನು, ಗೋಡೆಯ ಕಡೆ ತಿರುಗಿ ಕೂಗಿದ: "ಚಾಚಾ, ಆ ಬಾಲಿಗಿ ಗಾಳಿ ಹೊಡೀರಿ, ಲಗೂನ!" ಚಾಚಾ ಎರಡು ಕಾಲ ನಡುವೆ ಪಂಪು ಇಟ್ಟುಕೊಂಡು ಬಗ್ಗಿ ಗಾಳಿ ಹೊಡೆಯುತ್ತಿದ್ದರು. ನನ್ನನ್ನು ನೋಡಿ ತಲೆಯಾಡಿಸಿದರು, ಕೆಲಸ ನಿಲ್ಲಿಸಲಿಲ್ಲ.

ಯುವಕ ನನ್ನ ಬಳಿ ಬಂದು ಬಹಳ ಮರ್ಯಾದೆಯಿಂದ ಮಾತಾಡಿದ. "ಭಾಳ ಹೆಲ್ಪ್ ಮಾಡ್ತಾರ್ರಿ ಮೇಡಂ. ಮದಲ ನಿಮ್ಮ ಕೈಕೆಳಗೇ ಇದ್ರಂತಲ್ರಿ. ನಿಮ್ಮ ಚೀಟಿ ನೋಡೇ ಅವರನ್ನ ನನಗ ಸಹಾಯಕ್ಕ ಇಟ್ಟಾರ್ರಿ."

ಇಲ್ಲಪ್ಪ, ನಾನು ಅವರ ಕೈಕೆಳಗಿದ್ದೆ ಎನ್ನಲು ಬಾಯಿ ತೆರೆದೆ. ರೆಫರಿ ಸೀಟಿ ಊದಿದ. ಬಾಯಿ ಮುಚ್ಚಿಕೊಂಡು ಬೆಂಚಿಗೆ ಹೋದೆ. ಆ ದಿನ ನಾವು ಗೆದ್ದೆವು.

ಅದಾದ ಮೇಲೆ ಒಂದು ವಾರ ನನಗೆ ಊಟ ಸೇರಲಿಲ್ಲ. ಕೊನೆಗೆ ಕೂತು ಇನ್ನೊಂದು ಪತ್ರ ಬರೆದೆ. ತಂಡದ ಕೋಚ್ ಯಾರಾಗಿದ್ದರು, ವರದಿಯಲ್ಲಿ ಸುಳ್ಳು ಬರೆದವರು ಯಾರು, ಆ ಫೈನಲಿನಲ್ಲಿ ನಾನು ಯಾವ ಬೆಂಚಿನಲ್ಲಿ ಕೂತಿದ್ದೆ, ಸಂದರ್ಶನದಲ್ಲಿ ಏನು ಹೇಳಿದೆ, ಎಲ್ಲ. ಮೂರು ಪ್ರತಿ ಮಾಡಿದೆ.

ಮೊದಲನೆಯದನ್ನು ಆಳಂದದ ಪ್ರಿನ್ಸಿಪಾಲರಿಗೆ ಕೊಟ್ಟೆ. ಅವರು ಓದಿ ಪತ್ರವನ್ನು ನನ್ನ ಕಡೆಗೇ ಸರಿಸಿದರು. "ಇದನ್ನ ನಾ ಓದಿಲ್ಲಂತ ತಿಳ್ಕೊಳ್ರಿ. ನಿಮ್ಮ ಎಂ.ಪಿ.ಎಡ್. ಖರೇ ಅದ ಇಲ್ಲೋ? ಟೀಮ್ ಚಲೋ ನಡದದ. ಹೋಗ್ರಿ, ಪ್ರಾಕ್ಟೀಸ್ ತಗೋರಿ." ಮೇಜಿನ ಮೇಲೆ ಬಿಟ್ಟು ಬರಬಹುದಿತ್ತು. ನಾನು ಅದನ್ನು ಎತ್ತಿಕೊಂಡು ಬಂದೆ. ಮೆಟ್ಟಿಲಿಳಿಯುವಾಗ ಉಸಿರು ಹಗುರಾಯಿತು, ಹಗುರಾದದ್ದಕ್ಕೆ ನಾಚಿಕೆಯಾಯಿತು. ಎರಡನೆಯದನ್ನು ಅಫಜಲಪುರದ ಕಾಲೇಜಿನಲ್ಲಿ ಹೊಸದಾಗಿ ಬಂದ ಪ್ರಿನ್ಸಿಪಾಲರು ತೆಗೆದುಕೊಂಡು ಸ್ವೀಕೃತಿಯ ಠಸ್ಸೆ ಹೊಡೆಸಿದರು. ಅಲ್ಲಿಂದ ಈವರೆಗೆ ಉತ್ತರವಿಲ್ಲ.

ಮೂರನೆಯದನ್ನು ಚಾಚಾ ಮನೆಗೆ ಒಯ್ದೆ. ಅವರ ಹೆಂಡತಿ ಚಹಾ ತಂದಿಟ್ಟು ಬಾಗಿಲ ಬಳಿ ಕೂತರು. ಚಾಚಾ ಪತ್ರವನ್ನು ಪೂರ್ತಿ ಓದಿದರು. ಬಹಳ ಹೊತ್ತು ಹಿಡಿಯಿತು.

"ಈಗ್ಯಾಕ್ರಿ ಇದು?"

"ನನ್ನದು ತಪ್ಪಾಗೇದ್ರಿ ಚಾಚಾ. ಶಾಲೀಗಿ ತೋರಸ್ರಿ. ನಿಮ್ಮನ್ನೇ ಕೋಚ್ ಮಾಡ್ತಾರ."

"ಆ ಕೋಚ್ ಪಾರನ ಕೆಲಸ ತಗೀಲೇನು? ಅಂವಾ ಏನ ಮಾಡ್ಯಾನ ನನಗ?" ಪತ್ರವನ್ನು ಮಡಚಿದರು. ಆಮೇಲೆ ಹೇಳಿದರು: "ಬೋರ್ಡಿನ ಮ್ಯಾಲ ನಿಮ್ಮ ಹೆಸರ ನೋಡಿದಾಗ ನನಗ ಸಿಟ್ಟ ಬರ್ಲಿಲ್ರಿ. ದೊಡ್ಡವ್ರು ಹೇಳ್ಯಾರ, ನೀವು ಹಾಕೀರಿ ಅಂದ್ಕೊಂಡೆ. ಆದ್ರ ಆಳಂದದಾಗ ಆ ಕೋಣ್ಯಾಗ ನಾವಿಬ್ರೇ ಇದ್ದೆವು. ಅಲ್ಲಿ ಯಾವ ಪ್ರಿನ್ಸಿಪಾಲನೂ ಇರ್ಲಿಲ್ಲ."

ನನ್ನ ಕಣ್ಣಲ್ಲಿ ನೀರು ಬಂತು. ಅವರ ಹೆಂಡತಿ, "ಚಹಾ ಆರ್ತದ, ಕುಡೀರಿ," ಎಂದರು. ಕುಡಿದೆ.

ಆ ಪತ್ರವನ್ನು ಅವರು ಶಾಲೆಗೆ ತೋರಿಸಲಿಲ್ಲವೆಂದು ಆಮೇಲೆ ಆ ಯುವಕನ ಮಾತಿನಿಂದಲೇ ತಿಳಿಯಿತು. ನಾನು ಆಳಂದದಲ್ಲೇ ಇದ್ದೇನೆ, ಅದೇ ಹುದ್ದೆಯಲ್ಲಿ. ರಾಜೀನಾಮೆ ಕೊಡಲು ಎರಡು ಸಲ ಯೋಚಿಸಿದ್ದೇನೆ, ಕೊಟ್ಟಿಲ್ಲ. ಅಫಜಲಪುರಕ್ಕೆ ಹೋದಾಗಲೆಲ್ಲ ಚಾಚಾ ಮನೆಗೆ ಹೋಗುತ್ತೇನೆ. ಬರ್ರಿ ಎಂದು ಕೂರಿಸುತ್ತಾರೆ, ಅಪ್ಪನ ಆರೋಗ್ಯ ವಿಚಾರಿಸುತ್ತಾರೆ, ಈ ವರ್ಷ ತೊಗರಿ ಹೇಗಿದೆ ಎಂದು ಕೇಳುತ್ತಾರೆ. ಆಟದ ಮಾತನ್ನು ಮಾತ್ರ ಒಮ್ಮೆಯೂ ಎತ್ತಿಲ್ಲ. ನನಗೂ ಎತ್ತುವ ಧೈರ್ಯ ಬಂದಿಲ್ಲ.