ಸಂಜೆಯ ಮಾತ್ರೆ

ಸಂಧಿವಾತದ ಹೊಸ ಮಾತ್ರೆಯ ಪರೀಕ್ಷೆಗೆ ಸೇರುವ ದಿನ ನನ್ನ ಮುಂದೆ ಹತ್ತೊಂಬತ್ತು ಪುಟದ ಒಪ್ಪಿಗೆ ಪತ್ರ ಇಟ್ಟರು. ಪಾಂಡವಪುರದ ಕಡೆ ಸರ್ಕಾರಿ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿದವಳು ನಾನು, ಓದದೆ ಸಹಿ ಹಾಕುವವಳಲ್ಲ. ಮೈಸೂರಿನ ಆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಓದಿ ಮುಗಿಸಿದ ಪ್ರತಿ ಸಾಲಿನ ಪಕ್ಕ ಪೆನ್ನಿನಿಂದ ಒಂದು ಗೆರೆ ಎಳೆಯುತ್ತಾ ಹೋದೆ. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಇನ್ನರ್ಧಕ್ಕೆ ಅದೇ ಬಣ್ಣದ ಸುಳ್ಳು ಮಾತ್ರೆ, ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿರುವುದಿಲ್ಲ. ಸರಿ, ಗೆರೆ. ಸೋಂಕು ಬೇಗ ತಗುಲಬಹುದು. ಗೆರೆ. ಯಾವಾಗ ಬೇಕಾದರೂ ಪರೀಕ್ಷೆ ಬಿಟ್ಟು ಹೋಗಬಹುದು. ಗೆರೆ. ಈ ಔಷಧಿಯನ್ನು ಬೇರೆ ಯಾರಿಗೂ ಕೊಡಬಾರದು. ಅದರ ಪಕ್ಕದಲ್ಲೂ ನನ್ನ ಗೆರೆ ಇದೆ. ಈಗಲೂ ಆ ಕಡತದಲ್ಲಿ ಇರಬೇಕು.

ಅವತ್ತು ಅಕ್ಕನೂ ಬಂದಿದ್ದಳು. ನನಗಿಂತ ಆರು ವರ್ಷ ದೊಡ್ಡವಳು, ಅಕ್ಕಿಹೆಬ್ಬಾಳಿನಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಬೇಸಾಯದ ಮನೆ. ಈ ಕಾಯಿಲೆ ಮೊದಲು ಬಂದದ್ದು ಅವಳಿಗೇ. ಬೆಳಗ್ಗೆ ಎದ್ದರೆ ನನ್ನ ಬೆರಳು ಸಡಿಲವಾಗಲು ಒಂದು ಗಂಟೆ ಬೇಕಿತ್ತು, ಅವಳಿಗೆ ಬಿಸಿಲೇರಬೇಕಿತ್ತು. ಸೀರೆಯ ನೆರಿಗೆ ಹಿಡಿಯಲಾಗದೆ ದಿನಾ ಸೊಸೆಯ ಕೈಲಿ ಉಡಿಸಿಕೊಳ್ಳುತ್ತಿದ್ದಳು. ಸೊಸೆ ಒಳ್ಳೆಯ ಹುಡುಗಿ, ಒಂದು ದಿನವೂ ಮುಖ ಗಂಟಿಕ್ಕಿದವಳಲ್ಲ. ಆದರೂ ಅವಳು ಡೈರಿಗೆ ಹಾಲು ಹಾಕಿ ಬರುವವರೆಗೆ ಲಂಗದಲ್ಲೇ ಒಳಗೆ ಕೂತು ಕಾಯುವುದು ಅಕ್ಕನಿಗೆ ಸಾಕುಸಾಕಾಗಿತ್ತು. ನೈಟಿ ಹಾಕಿಕೋ ಎಂದರೆ, “ಥೂ, ಅದ್ನ ಇಕ್ಕಂಡು ಬೀದೀಗ್ ಓಗ್ಲಾ?” ಎಂದು ನನ್ನ ಮೇಲೇ ಹಾಯುತ್ತಿದ್ದಳು.

ಇಬ್ಬರಿಗೂ ರಕ್ತ ತೆಗೆದರು, ಎದೆಯ ಫೋಟೋ ತೆಗೆದರು. ನನ್ನನ್ನು ತೆಗೆದುಕೊಂಡರು, ಅವಳನ್ನು ಬಿಟ್ಟರು. ಡಾಕ್ಟರು ಅವಳೊಬ್ಬಳನ್ನೇ ಒಳಗೆ ಕರೆದು ಏನೋ ಹೇಳಿ ಕಳಿಸಿದರು. ಹೊರಗೆ ಬಂದವಳು, “ನನ್ ಎದೆ ಸರಿಯಿಲ್ವಂತೆ ಕನ, ಬುಡು” ಎಂದಳಷ್ಟೆ. ಮದುವೆಯಾದ ಹೊಸದರಲ್ಲಿ ಅವಳಿಗೆ ಟಿಬಿ ಬಂದಿತ್ತು, ವಾಸಿಯೂ ಆಗಿತ್ತು. ಯಾವ ಕಾಲದ್ದೋ ಕಾಯಿಲೆಗೆ ಈಗ ಬಾಗಿಲು ಹಾಕುತ್ತಾರಾ ಎಂದು ನನಗೆ ಮೈಯೆಲ್ಲ ಉರಿಯಿತು. ಕೈ ಹೆಚ್ಚು ಕೆಟ್ಟವಳನ್ನು ಬಿಟ್ಟು ಕಡಿಮೆ ಕೆಟ್ಟವಳನ್ನು ಇಟ್ಟುಕೊಳ್ಳುವ ಇದೆಂಥಾ ನ್ಯಾಯ! ಒಳಗೆ ಹೋಗಿ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಕೋಪ ಬಂದಾಗ ನನಗೆ ಎಲ್ಲ ಗೊತ್ತಿರುತ್ತದೆ.

ಮಾತ್ರೆ ದಿನಕ್ಕೆ ಎರಡು, ಬೆಳಗ್ಗೆ ಒಂದು, ಸಂಜೆ ಒಂದು. ಬೆಳಗಿನದು ನನಗೆ, ಸಂಜೆಯದು ಅವಳಿಗೆ ಎಂದು ನಾನೇ ತೀರ್ಮಾನ ಮಾಡಿಬಿಟ್ಟೆ. ತಿಂಗಳಿಗೊಮ್ಮೆ ಅಕ್ಕಿಹೆಬ್ಬಾಳಿಗೆ ಹೋಗಿ ಅವಳ ಪಾಲನ್ನು ಕುಂಕುಮದ ಭರಣಿಯಲ್ಲಿ ಹಾಕಿ ಕೊಟ್ಟು ಬರುತ್ತಿದ್ದೆ. ಚಿಕ್ಕವರಿದ್ದಾಗ ಒಂದು ಸೀಬೆಹಣ್ಣು ಸಿಕ್ಕರೂ ಕಚ್ಚಿ ಪಾಲು ಮಾಡಿಕೊಂಡವರು ನಾವು, ಇದೂ ಹಾಗೇ ಅನ್ನಿಸಿತು. ಆಸ್ಪತ್ರೆಯಲ್ಲಿ ಒಬ್ಬಳು ಹುಡುಗಿ ನನ್ನ ಸೀಸೆ ಈಸಿಕೊಂಡು ಉಳಿದ ಮಾತ್ರೆ ಎಣಿಸುತ್ತಿದ್ದಳು. ಎಣಿಕೆ ಪ್ರತಿ ಸಲವೂ ಸರಿಯಾಗಿರುತ್ತಿತ್ತು. “ನಿಮ್ಮಂಗೆ ಯಾರೂ ಇಲ್ಲ ಟೀಚರ್, ಒಂದೂ ತಪ್ಪಿಸಿಲ್ಲ” ಎಂದು ಹೊಗಳುತ್ತಿದ್ದಳು. ನಾನು ನಾಚಿಕೆಯಿಲ್ಲದೆ ನಗುತ್ತಿದ್ದೆ.

ನನ್ನ ಕೀಲುಗಳ ಊತ ಸ್ವಲ್ಪ ಇಳಿಯಿತು. ಅಕ್ಕನದು ನನಗಿಂತ ಚೆನ್ನಾಗಿ ಇಳಿಯಿತು. ಎರಡನೆಯ ತಿಂಗಳಲ್ಲಿ ಒಂದು ಬೆಳಗ್ಗೆ ಫೋನು. “ಅಮ್ಮಿ, ಇವತ್ತು ಸೀರೆ ನಾನೇ ಉಟ್ಕಂಡೆ ಕನ!” ಅವಳ ದನಿ ಕೇಳಿ ನಾನು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಹತ್ತೊಂಬತ್ತು ಪುಟ ಬರೆದವರಿಗಿಂತ ನಾನೇ ಬುದ್ಧಿವಂತೆ ಎಂದುಕೊಂಡೆ.

ನಾಲ್ಕನೆಯ ತಿಂಗಳಲ್ಲಿ ಅವಳಿಗೆ ಜ್ವರ ಹಿಡಿಯಿತು. ಸಂಜೆಯಾದರೆ ಮೈ ಕಾಯುವುದು, ಬೆವರುವುದು, ಕೆಮ್ಮು. ಕೆ.ಆರ್. ಪೇಟೆಯ ಡಾಕ್ಟರು ಎರಡು ಸಲ ಔಷಧಿ ಬದಲಾಯಿಸಿದರೂ ಇಳಿಯಲಿಲ್ಲ. ಮೈಮೇಲಿನ ರವಿಕೆ ಜೋಲಾಡುವಷ್ಟು ಸೊರಗಿದಳು. ಮಗ ಅವಳನ್ನು ಮೈಸೂರಿನ ಅದೇ ಆಸ್ಪತ್ರೆಗೆ ಸೇರಿಸಿದ. ನಾನು ಓಡಿದೆ.

ಮಂಚದ ಪಕ್ಕ ನಮ್ಮ ಪರೀಕ್ಷೆಯ ಅದೇ ಡಾಕ್ಟರು ನಿಂತು ಕೇಳಿದರು, “ಬೇರೆ ಯಾವುದಾದ್ರೂ ಮಾತ್ರೆ ತಗೋತಿದ್ದೀರಾ ಅಮ್ಮ?”

“ಇಲ್ಲ ಕನಪ್ಪ. ಮನೆ ಕಸಾಯ ಅಷ್ಟೆಯ” ಎಂದಳು ಅಕ್ಕ. ಹೊದಿಕೆಯ ಕೆಳಗೆ ಅವಳ ಸುಡುವ ಕೈ ನನ್ನ ಕೈಯನ್ನು ಹಿಂಡಿತು. ಬಾಯಿ ಬಿಡಬೇಡ ಎಂದು.

ನಿಜ ಹೇಳುತ್ತೇನೆ, ಒಂದು ಗಳಿಗೆ ನಾನು ಬಾಯಿ ಬಿಡಲಿಲ್ಲ. ಹೇಳಿದರೆ ಪರೀಕ್ಷೆಯಿಂದ ನನ್ನ ಹೆಸರು ಹೊಡೆದುಹಾಕುತ್ತಾರೆ, ಮಾತ್ರೆ ನಿಲ್ಲುತ್ತದೆ, ಕೈ ಮತ್ತೆ ಮೊದಲಿನಂತಾಗುತ್ತದೆ. ಅದೆಲ್ಲ ಆ ಗಳಿಗೆಯಲ್ಲೇ ಹೊಳೆಯಿತು. ಆಮೇಲೆ ಅವಳು ಕೆಮ್ಮಿದಳು.

“ತಗೋತಿದ್ಲು ಸಾರ್. ನನ್ನ ಮಾತ್ರೆ. ದಿನಾ ಒಂದು. ನಾನೇ ಕೊಟ್ಟಿದ್ದು” ಎಂದೆ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊರಗೆ ಹೋಗಿ ಯಾರಿಗೋ ಫೋನು ಮಾಡಿ, ನನ್ನ ಸೀಸೆಯಲ್ಲಿದ್ದದ್ದು ಯಾವ ಮಾತ್ರೆ ಎಂದು ತಿಳಿದುಕೊಂಡು ಬಂದರು. ನಿಜವಾದದ್ದೇ. ಕೀಲಿನ ಉರಿ ಇಳಿಸುವ ಜೊತೆಗೆ ಮೈಯ ಕಾವಲನ್ನೂ ಸಡಿಲ ಮಾಡುವ ಮಾತ್ರೆ. ಮಾರನೆಯ ದಿನ ಕಫದಲ್ಲಿ ಟಿಬಿ ಸಿಕ್ಕಿತು, ಚಿಕಿತ್ಸೆ ಶುರುವಾಯಿತು. “ನೀವು ಹೇಳಿದ್ದು ಒಳ್ಳೇದಾಯ್ತು. ಬದುಕ್ತಾರೆ” ಎಂದರು. ಕಡತದಲ್ಲಿದ್ದ ನನ್ನ ಹಾಳೆ ತಿರುವುತ್ತಾ, “ಈ ಮಾತ್ರೆ ಅರ್ಧಂಬರ್ಧ ಕೆಲಸ ಮಾಡುತ್ತೆ ಅಂತ ನಿಮ್ಮ ಹಾಳೆ ಹೇಳ್ತಿತ್ತು ಟೀಚರ್. ಎರಡೂ ನೀವೇ ತಿಂತಿದ್ದೀರಿ ಅಂತ ಅದನ್ನೇ ನಂಬ್ತಿದ್ವಿ” ಎಂದರು. ಪರೀಕ್ಷೆಯಲ್ಲಿ ಪಕ್ಕದವರಿಗೆ ತೋರಿಸಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ತಲೆ ತಗ್ಗಿಸಿ ನಿಂತೆ. ಮಾತ್ರೆ ಎಣಿಸುವ ಹುಡುಗಿ ಉಳಿದದ್ದನ್ನು ಈಸಿಕೊಂಡಳು, ಈ ಸಲ ಹೊಗಳಲಿಲ್ಲ.

ಒಂಬತ್ತು ದಿನದ ಮೇಲೆ ಅಕ್ಕನನ್ನು ಮನೆಗೆ ಕಳಿಸಿದರು. ಮಗ ಗಾಡಿ ತರಲು ಹೋಗಿದ್ದ. ಆಸ್ಪತ್ರೆಯ ಅಂಗಿ ಬಿಚ್ಚಿಸಿ, ಸೀರೆ ತೆಗೆದುಕೊಂಡು ಅವಳ ಮುಂದೆ ನಿಂತಾಗ ಕೇಳಿದೆ, “ಅವತ್ತು ಡಾಕ್ಟ್ರು ಒಳಗೆ ಕರ್ದು ಏನಂದ್ರಕ್ಕಾ?”

“ಈ ಮಾತ್ರೆ ತಿಂದ್ರೆ ಅಳೇ ಟಿಬಿ ಎದ್ಬುಡ್ತದೆ ಅಂದ್ರು.”

“ಗೊತ್ತಿದ್ದೂ ತಿಂದ್ಯಾ? ನಂಗ್ಯಾಕೆ ಹೇಳ್ಲಿಲ್ಲ?”

“ಯೋಳಿದ್ರೆ ನೀನ್ ಕೊಡ್ತಿದ್ದಾ?” ಎಂದಳು. ಆಮೇಲೆ ಗೋಡೆಯ ಕಡೆ ನೋಡುತ್ತಾ, “ಎರಡ್ ತಿಂಗ್ಳು ನನ್ ಸೀರೆ ನಾನೇ ಉಟ್ಕಂಡೆ ಕನಮ್ಮಿ” ಎಂದಳು.

ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. ಬೈಯುತ್ತಲೇ ಸೆರಗು ಹೊದಿಸಿ ನೆರಿಗೆ ಹಿಡಿಯಲು ಶುರು ಮಾಡಿದೆ. ನನಗೂ ಮಾತ್ರೆ ನಿಂತು ಒಂಬತ್ತು ದಿನವಾಗಿತ್ತು. ಬೆರಳು ಇನ್ನೂ ಒಂದಿಷ್ಟು ಮಡಚುತ್ತಿದ್ದವು.

“ಆರು ನೆರ್ಗೆ ಇಡು” ಎಂದಳು.

ಐದಾಯಿತು. ಆರನೆಯದಕ್ಕೆ ಹೆಬ್ಬೆರಳು ಬಗ್ಗಲಿಲ್ಲ. ಮತ್ತೊಂದು ಸಲ ನೋಡಿದೆ, ಹಿಡಿದದ್ದೂ ಜಾರಿತು. ಅಕ್ಕ ತನ್ನ ಸೊಟ್ಟ ಕೈಯನ್ನು ನನ್ನ ಕೈಯ ಮೇಲಿಟ್ಟು ಒತ್ತಿ ಹಿಡಿದಳು.

“ಐದೇ ಸಾಕು ಬುಡು” ಎಂದಳು.