ಟೈಲರಕ್ಕನ ಒಳಮೆಟ್ಟಿಲು

ಮೊನ್ನೆ ಕಾಸರಗೋಡಿನ ಅಂಗಡಿಯೊಂದರಲ್ಲಿ ಹೊಲಿಗೆ ಮಿಷನಿಗೆ ಎಣ್ಣೆ ಬಿಡುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಏನು ಕೊಳ್ಳಲು ಬಂದೆನೆಂಬುದೇ ಮರೆತುಹೋಯಿತು. ಕುಂಬಳೆಯ ಟೈಲರಕ್ಕ ಕಣ್ಣೆದುರು ಬಂದು ನಿಂತರು... ಕೊರಳಲ್ಲಿ ಅಳತೆ ಟೇಪು, ತುಟಿಗಳ ನಡುವೆ ಎರಡು ಗುಂಡುಪಿನ್ನು.

ನಾನಾಗ ಮಂಗಳೂರಿನಲ್ಲಿ ಮನಃಶಾಸ್ತ್ರ ಓದಿ, ತರಬೇತಿ ಮುಗಿಸಿ ಬಂದ ಹೊಸತು. ಕುಂಬಳೆ ಪೇಟೆಯಲ್ಲಿ ಅವರ ಅಂಗಡಿಯ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದು, ಆಪ್ತಸಲಹೆ ಕೇಂದ್ರವೆಂದು ಕನ್ನಡದಲ್ಲೂ ಮಲಯಾಳದಲ್ಲೂ ದೊಡ್ಡ ಬೋರ್ಡು ಹಾಕಿಸಿದೆ. ಎರಡು ತಿಂಗಳು ಒಂದು ನರಪಿಳ್ಳೆಯೂ ಸುಳಿಯಲಿಲ್ಲ. ಬೋರ್ಡಿನ ಕೆಳಗಿನ ಮೆಟ್ಟಿಲು ಹತ್ತಿದರೆ ಬಸ್ ಕಾಯುವವರಿಗೆಲ್ಲ ಕಾಣುತ್ತಿತ್ತು. ಹತ್ತಿದವರಿಗೆ ಹುಚ್ಚು ಎಂದು ಸಂಜೆಯೊಳಗೆ ಊರೆಲ್ಲ ಸುದ್ದಿಯಾದೀತೆಂಬ ಹೆದರಿಕೆ ಎಲ್ಲರಿಗೂ. ಅಪ್ಪ ಇನ್ನೊಂದು ತಿಂಗಳ ಗಡುವು ಕೊಟ್ಟರು. ಅಷ್ಟರಲ್ಲಿ ಯಾರೂ ಬರದಿದ್ದರೆ ಬೋರ್ಡು ಇಳಿಸಿ ಯಾವುದಾದರೂ ಶಾಲೆಯಲ್ಲಿ ಕೆಲಸ ಹುಡುಕಬೇಕು. ನನಗೋ ಹಟ. ಇಳಿಸುವುದಿಲ್ಲ ಎಂದೆ.

ಟೈಲರಕ್ಕ ಇದನ್ನೆಲ್ಲ ನೋಡುತ್ತಿದ್ದರು. ಅವರ ಅಂಗಡಿಯ ಒಳಗಿನಿಂದಲೂ ಮೇಲಕ್ಕೆ ಒಂದು ಮರದ ಮೆಟ್ಟಿಲಿತ್ತು. ಒಂದು ಮಧ್ಯಾಹ್ನ ಬ್ಲೌಸ್ ಪೀಸಿನ ಪ್ಲಾಸ್ಟಿಕ್ ತೊಟ್ಟೆ ಹಿಡಿದ ಹೆಂಗಸೊಬ್ಬಳು ಅದರಿಂದ ಹತ್ತಿ ಬಂದಳು. ಅಳತೆ ಕೊಡಲು ಬಂದವಳಿಗೆ ದಾರಿ ತಪ್ಪಿತೆಂದುಕೊಂಡೆ. ಕುಳಿತವಳೇ ಅಳತೊಡಗಿದಳು. ಮರುದಿನ ಇನ್ನೊಬ್ಬಳು, ಅವಳ ಕೈಯಲ್ಲೂ ಬ್ಲೌಸ್ ಪೀಸು. ಕಳಿಸುತ್ತಿದ್ದವರು ಟೈಲರಕ್ಕನೇ. ಹೊಲಿಯಲು ಕೊಟ್ಟು ಬರುತ್ತೇನೆ ಎಂದರೆ ಯಾವ ಮನೆಯಲ್ಲೂ ಪ್ರಶ್ನೆಯಿಲ್ಲ. ತಡವಾದರೂ ಬೈಗುಳ ಟೈಲರಿಗೇ.

ನಾನು ಸಿಟ್ಟಿನಿಂದ ಕೆಳಗಿಳಿದೆ. “ಕಳ್ಳರ ಹಾಗೆ ಯಾಕೆ ಬರಬೇಕಕ್ಕ? ನಾಚಿಕೆಪಡ್ಲಿಕ್ಕೆ ಎಂತ ಉಂಟು ಇದರಲ್ಲಿ?”

ಅವರು ಪಿನ್ನು ತೆಗೆದು, “ನೀನು ಹೇಳುದು ಸರಿಯೇ ಮಾರಾಯ್ತಿ. ಆದ್ರೆ ಅವಳಿಗೆ ಇವತ್ತೇ ಯಾರ ಹತ್ರವಾದ್ರೂ ಹೇಳ್ಲಿಕ್ಕೆ ಉಂಟು. ಊರು ಸರಿಯಾಗುವವರೆಗೆ ಕಾಯ್ಲಿಕ್ಕೆ ಆಗ್ತದಾ?” ಎಂದರು.

ನಾನು ಮೇಲೆ ಹೋಗಿ ಒಳಮೆಟ್ಟಿಲಿನ ಬಳಿ ಒಂದು ಕುರ್ಚಿ ಹಾಕಿದೆ. ಅಪ್ಪನ ಗಡುವು ಮುಗಿಯುವ ಹೊತ್ತಿಗೆ ನನಗೆ ಊಟಕ್ಕೂ ಪುರುಸೊತ್ತಿರಲಿಲ್ಲ.

ಹೀಗೇ ಮೂರು ವರ್ಷ ಕಳೆಯಿತು. ಒಂದು ಶನಿವಾರ, ಪೇಟೆ ತುಂಬಿದ್ದ ಹೊತ್ತಿನಲ್ಲಿ, ಟೈಲರಕ್ಕ ಅಂಗಡಿಯಿಂದ ರಸ್ತೆಗಿಳಿದು ಬೋರ್ಡಿನ ಅಡಿಯಲ್ಲೇ ನಿಂತು ಕೂಗಿದರು: “ಓ ಮಗಳೇ, ಪುರುಸೊತ್ತು ಉಂಟಾ? ನನ್ನ ಮನಸ್ಸು ಸರಿ ಇಲ್ಲ. ನಿನ್ನ ಹತ್ರ ಮಾತಾಡ್ಲಿಕ್ಕೆ ಉಂಟು!”

ಆಟೋದವರೆಲ್ಲ ತಿರುಗಿದರು. ಅಕ್ಕ ಬಿಡಬೇಕಲ್ಲ! “ಎಂತ ನೋಡುದು? ಬರುವವರಿದ್ರೆ ಲೈನಲ್ಲಿ ನಿಲ್ಲಿ!”

ಹತ್ತಿರದವರನ್ನು ನಾವೇ ನೋಡಬಾರದು, ಬೇರೆಯವರ ಬಳಿ ಕಳಿಸಬೇಕು ಎಂಬುದು ನಮ್ಮ ವೃತ್ತಿಯ ನಿಯಮ. ಇಡೀ ಪೇಟೆಯ ಎದುರು ಹಾಗೆ ಬಂದವರನ್ನು ವಾಪಸು ಕಳಿಸುವುದೇ? ನಾನು ಬಾಗಿಲು ತೆರೆದೆ. ತಪ್ಪೆನ್ನುವವರು ಎನ್ನಲಿ. ಆಮೇಲೆ ಪ್ರತಿ ಶನಿವಾರ ಬಂದರು, ರಸ್ತೆಯ ಮೆಟ್ಟಿಲಿನಿಂದಲೇ. ಅವರ ಹಿಂದೆ ಒಬ್ಬೊಬ್ಬರಾಗಿ ಬೇರೆಯವರೂ ಆ ಮೆಟ್ಟಿಲು ಹತ್ತತೊಡಗಿದರು.

ಹೋದ ವರ್ಷ ಹೃದಯಾಘಾತವಾಗಿ ಅಕ್ಕ ತೀರಿಕೊಂಡರು. ಸಾವಿನ ಮನೆಯಲ್ಲಿ ಅವರ ತಮ್ಮ ನನ್ನನ್ನು ಬದಿಗೆ ಕರೆದ. “ಅಕ್ಕ ನಿಮ್ಮ ಹತ್ರ ಎಂತ ಹೇಳ್ತಾ ಇದ್ದದ್ದು? ನಮ್ಮ ಬಗ್ಗೆಯಾ?”

“ಅದು ಹೇಳ್ಲಿಕ್ಕಿಲ್ಲ.”

“ಸತ್ತವರದ್ದು ಎಂತ ಗುಟ್ಟು? ನಾವು ಮನೆಯವರಲ್ವಾ?”

“ಸತ್ತರೂ ಅದು ಅವರದ್ದೇ” ಎಂದೆ. ಅವನು ಮುಖ ತಿರುಗಿಸಿ ಹೋದ. ಕಾಲೇಜಿನಲ್ಲಿ ಗೌಪ್ಯತೆಯ ಬಗ್ಗೆ ಎರಡು ಪುಟ ಉತ್ತರ ಬರೆದು ಅಂಕ ಗಿಟ್ಟಿಸಿದವಳು ನಾನು. ಅದು ಇಷ್ಟು ಕಷ್ಟದ್ದೆಂದು ಗೊತ್ತಾದದ್ದು ಆ ಅಂಗಳದಲ್ಲಿ.

ಈಗ ಕೆಳಗಿನ ಅಂಗಡಿಯ ಶಟರ್ ಹಾಕಿಯೇ ಇರುತ್ತದೆ. ಶನಿವಾರ ಅವರ ಹೊತ್ತಿಗೆ ನಾನು ಬೇರೆ ಯಾರಿಗೂ ಸಮಯ ಕೊಡುವುದಿಲ್ಲ. ಸುಮ್ಮನೆ ಕೂರುತ್ತೇನೆ, ಕೆಲವೊಮ್ಮೆ ಅಳುತ್ತೇನೆ... ಅಕ್ಕ ನನ್ನ ಬಳಿ ಬರುತ್ತಿದ್ದರೆಂದು ಇಲ್ಲಿ ಬರೆದಿದ್ದೇನೆ, ಯಾಕೆಂದರೆ ಅದನ್ನು ಪೇಟೆಗೆಲ್ಲ ಕೇಳುವಂತೆ ಸಾರಿದವರು ಅವರೇ. ಒಳಗೆ ಕುಳಿತು ಏನು ಹೇಳಿದರೆಂದು ಅವರ ಮನೆಯವರು ಇಂದಿಗೂ ಕೇಳುತ್ತಾರೆ. ಓದುತ್ತಿರುವ ನಿಮಗೂ ಕುತೂಹಲವಿರಬಹುದು.

ಹೇಳುವುದಿಲ್ಲ.